ನಾಲ್ಕನೇ ವಾರದ ವರದಿ, ಬೆಳಗಿನ ಗ್ಯಾಸ್ ಮಾತ್ರೆ: ಹೆಪಟೈಟಿಸ್ ಸಿ ಚಿಕಿತ್ಸೆಯಲ್ಲಿ ಯಾವ ಸಂಖ್ಯೆಯನ್ನು ನಂಬಬೇಕು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ತಂದೆಗೆ 54 ವರ್ಷ, ಕಬ್ಬು ಬೆಳೆಯುತ್ತಾರೆ. ಹರ್ನಿಯಾ ಆಪರೇಷನ್‌ಗೆಂದು ಮೈಸೂರಿಗೆ ಹೋದಾಗ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ (ಯಕೃತ್ತಿಗೆ ತಗಲುವ ವೈರಸ್ ಸೋಂಕು) ಇದೆ ಎಂದು ಗೊತ್ತಾಗಿ ಆಪರೇಷನ್ ಮುಂದಕ್ಕೆ ಹೋಯಿತು. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) 18,40,000, ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ 88, ಎಎಲ್‌ಟಿ 96, ಪ್ಲೇಟ್‌ಲೆಟ್ 1,35,000, ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ 13.8 ಇತ್ತು. ಜೂನ್ 1ರಿಂದ ಸೊಫೊಸ್ಬುವಿರ್–ವೆಲ್ಪಟಾಸ್ವಿರ್ ಮಾತ್ರೆಯನ್ನು ದಿನಕ್ಕೊಂದರಂತೆ 12 ವಾರಕ್ಕೆ ಬರೆದುಕೊಟ್ಟಿದ್ದಾರೆ. ಹಣ ಕೊಟ್ಟು ಕೊಳ್ಳುತ್ತಿದ್ದೇವೆ. ಬೆಳಿಗ್ಗೆ ಎದ್ದ ಕೂಡಲೇ ಮಾಮೂಲಿನ ಗ್ಯಾಸ್ ಮಾತ್ರೆಯೂ (ಪ್ಯಾಂಟೊಪ್ರಜೋಲ್ 40) ಇದೆ. ನಾಲ್ಕು ವಾರಕ್ಕೆ ನಾವೇ ಪರೀಕ್ಷೆ ಮಾಡಿಸಿದೆವು. ‘ವೈರಸ್ ಪತ್ತೆಯಾಗಿದೆ, 15ಕ್ಕಿಂತ ಕಡಿಮೆ’ ಎಂದು ಬಂದಿದೆ. ಎಎಲ್‌ಟಿ 34ಕ್ಕೂ ಎಎಸ್‌ಟಿ 38ಕ್ಕೂ ಇಳಿದಿವೆ. ನನ್ನ ಸೋದರಮಾವನಿಗೂ ಹದಿನೈದು ವರ್ಷದ ಹಿಂದೆ ಇದೇ ಕಾಯಿಲೆಗೆ ವಾರಕ್ಕೊಂದು ಇಂಜೆಕ್ಷನ್ ಕೊಟ್ಟಿದ್ದರು, ವಾಸಿಯಾಗಲಿಲ್ಲ. ‘ನಾಲ್ಕನೇ ವಾರ ವೈರಸ್ ಉಳಿದರೆ ಔಷಧ ಹತ್ತಲಿಲ್ಲ ಎಂದೇ ಲೆಕ್ಕ’ ಎಂದು ಅವರು ಹೇಳುತ್ತಾರೆ. ಮಾತ್ರೆ ಬದಲಿಸಬೇಕೇ? ಅಮ್ಮ ಅಪ್ಪನಿಗೆ ತಟ್ಟೆ ಲೋಟ ಬೇರೆ ಮಾಡಿ, ಗಂಜಿ ಮಜ್ಜಿಗೆಯ ಪಥ್ಯ ಹಿಡಿಸಿದ್ದಾರೆ. ಇದು ಸರಿಯೇ? ಹರ್ನಿಯಾ ಯಾವಾಗ ಮಾಡಿಸಬಹುದು?

ಉತ್ತರ: ಮಾತ್ರೆಯನ್ನು ಬದಲಿಸುವುದು ಬೇಡ, ಒಂದು ದಿನವೂ ನಿಲ್ಲಿಸುವುದು ಬೇಡ. ನಿಮ್ಮ ತಂದೆಯವರ ನಾಲ್ಕನೇ ವಾರದ ವರದಿ ಚೆನ್ನಾಗಿಯೇ ಇದೆ. ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ನೀವು ಮಾತಿನ ಮಧ್ಯೆ ಹೇಳಿ ಮುಂದೆ ಹೋದ ಆ ಗ್ಯಾಸ್ ಮಾತ್ರೆಯ ಮೇಲೆ. ಮೊದಲು ಅದನ್ನು ಇತ್ಯರ್ಥ ಮಾಡೋಣ, ಏಕೆಂದರೆ ಅದು ಈ ವಾರವೇ ಆಗಬೇಕಾದ ಕೆಲಸ.

ವೆಲ್ಪಟಾಸ್ವಿರ್ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರಬೇಕಾದರೆ ಆಮ್ಲ ಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಮುಂತಾದವು ಮಾಡುವ ಕೆಲಸವೇ ಆ ಆಮ್ಲವನ್ನು ತಗ್ಗಿಸುವುದು. ಎರಡನ್ನೂ ಒಟ್ಟಿಗೆ ನುಂಗಿದರೆ ವೈರಸ್ ವಿರುದ್ಧದ ಔಷಧದ ಒಂದು ಪಾಲು ರಕ್ತ ಸೇರುವುದೇ ಇಲ್ಲ. ನಮ್ಮ ಕಡೆ ಈ ಗ್ಯಾಸ್ ಮಾತ್ರೆಯನ್ನು ಯಾರೂ ಔಷಧವೆಂದೇ ಎಣಿಸುವುದಿಲ್ಲ. ‘ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ‘ಏನೂ ಇಲ್ಲ’ ಎನ್ನುತ್ತಾರೆ. ಜೇಬಿನಲ್ಲಿ ನೋಡಿದರೆ ಆ ಮಾತ್ರೆಯ ಸ್ಟ್ರಿಪ್ ಇರುತ್ತದೆ. ಮೊಣಕಾಲು ನೋವಿಗೆ ಹೋದವರಿಗೂ ಕೆಮ್ಮಿಗೆ ಹೋದವರಿಗೂ ಅದನ್ನು ಬರೆದು ಬರೆದು ಈ ಅಭ್ಯಾಸ ಮಾಡಿಸಿದವರು ವೈದ್ಯರಾದ ನಾವೇ.

ನಿಮ್ಮ ತಂದೆಯವರಿಗೆ ಅದನ್ನು ಯಾವ ಕಾರಣಕ್ಕೆ ಕೊಟ್ಟರು ಎಂದು ಬರೆದವರನ್ನೇ ಕೇಳಿ. ಹುಣ್ಣು, ಹೊಟ್ಟೆಯೊಳಗಿನ ರಕ್ತಸ್ರಾವ, ಆಸ್ಪಿರಿನ್ ಸೇವನೆ ಇಂಥ ಗಟ್ಟಿ ಕಾರಣ ಇಲ್ಲದಿದ್ದರೆ ಆಗಸ್ಟ್‌ವರೆಗೆ ಬಿಡಿಸುವುದೇ ಮೇಲು. ಬಿಡಲು ಆಗದೇ ಇದ್ದರೆ ಮಾರ್ಗ ಒಂದಿದೆ: ಸೊಫೊಸ್ಬುವಿರ್–ವೆಲ್ಪಟಾಸ್ವಿರ್ ಮಾತ್ರೆಯನ್ನು ಬೆಳಿಗ್ಗೆ ಹೊಟ್ಟೆ ತುಂಬ ತಿಂದ ಜೊತೆಗೆ ಕೊಡಬೇಕು, ಆಮ್ಲ ತಗ್ಗಿಸುವ ಮಾತ್ರೆಯನ್ನು ಅದಾದ ನಾಲ್ಕು ಗಂಟೆಯ ನಂತರ ಕೊಡಬೇಕು. ಅದೂ ಒಮೆಪ್ರಜೋಲ್ 20 ಮಿಲಿಗ್ರಾಂ ಮಟ್ಟವನ್ನು ಮೀರಬಾರದು. ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ದ್ರವಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಯಾವುದನ್ನು ಆರಿಸುವುದು ಎಂಬುದನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರು ಹೇಳಲಿ. ಅವರಿಗೆ ಫೋನ್ ಮಾಡುವ ಕೆಲಸ ಮಾತ್ರ ಇವತ್ತೇ ಆಗಲಿ.

ಇದೇ ಮಾತಿನಲ್ಲಿ ಇನ್ನು ಕೆಲವು ಔಷಧಗಳ ಹೆಸರನ್ನೂ ಹೇಳಿಬಿಡುತ್ತೇನೆ. ಹೃದಯ ಬಡಿತದ ಏರುಪೇರಿಗೆ ಕೊಡುವ ಅಮಿಯೊಡರೋನ್ ಜೊತೆ ಸೊಫೊಸ್ಬುವಿರ್ ಸೇರಿದರೆ ನಾಡಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೊಯಿನ್ ಮತ್ತು ಕಾರ್ಬಮಜೆಪಿನ್ ಈ ಔಷಧದ ಬಲವನ್ನೇ ಕುಂದಿಸುತ್ತವೆ. ಕೊಲೆಸ್ಟ್ರಾಲ್ ಮಾತ್ರೆಗಳ ಪ್ರಮಾಣವನ್ನೂ ವೈದ್ಯರು ಒಮ್ಮೆ ನೋಡಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ವೈರಸ್ ಕಡಿಮೆಯಾದಂತೆ ಸಕ್ಕರೆಯೂ ಇಳಿಯುವುದುಂಟು, ಹಳೆಯ ಪ್ರಮಾಣದ ಮಾತ್ರೆಯೇ ಆಗ ಹೆಚ್ಚಾಗಿ ಬೆವರು, ತಲೆಸುತ್ತು ಬರುತ್ತದೆ.

ಈಗ ವರದಿಗೆ ಬರೋಣ. ‘ಪತ್ತೆಯಾಗಿದೆ’ ಎಂಬ ಅರ್ಧ ವಾಕ್ಯ ನಿಮ್ಮ ಮನೆಯವರ ನಿದ್ದೆ ಕೆಡಿಸಿದೆ, ‘15ಕ್ಕಿಂತ ಕಡಿಮೆ’ ಎಂಬ ಉಳಿದರ್ಧವನ್ನು ಯಾರೂ ಓದಿದಂತಿಲ್ಲ. ಈ ಯಂತ್ರ ಒಂದು ಮಿಲಿಲೀಟರ್‌ನಲ್ಲಿ 15 ಯೂನಿಟ್‌ವರೆಗೆ ಮಾತ್ರ ನಂಬಿಕೆಯಿಂದ ಎಣಿಸಬಲ್ಲದು. ಅದಕ್ಕಿಂತ ಕೆಳಗೆ ವೈರಸ್‌ನ ಸುಳಿವು ಸಿಗಬಹುದು, ಎಣಿಸುವಷ್ಟು ಇರುವುದಿಲ್ಲ. ಹದಿನೆಂಟು ಲಕ್ಷದ ನಲವತ್ತು ಸಾವಿರದಿಂದ ಹದಿನೈದಕ್ಕಿಂತ ಕೆಳಕ್ಕೆ ಎಂದರೆ ಒಂದು ಲಕ್ಷ ಪಟ್ಟಿಗೂ ಮಿಗಿಲಾದ ಇಳಿಕೆ. ಲ್ಯಾಬ್‌ನವರು ಪಕ್ಕದಲ್ಲಿ ‘ಲಾಗ್ 6.26’ ಎಂದೂ ಬರೆದಿರುತ್ತಾರೆ, ಗಮನಿಸಿ. ಲಾಗ್‌ನಲ್ಲಿ ಒಂದು ಅಂಕಿ ಇಳಿದರೆ ವೈರಸ್ ಹತ್ತನೇ ಒಂದು ಪಾಲಾಯಿತು ಎಂದರ್ಥ. ನಿಮ್ಮ ತಂದೆಯವರದು ನಾಲ್ಕೇ ವಾರದಲ್ಲಿ ಐದು ಲಾಗ್‌ಗಿಂತ ಹೆಚ್ಚು ಇಳಿದಿದೆ.

ಇನ್ನೊಂದು ಮಾತು: ಮೊದಲಿದ್ದ ಹದಿನೆಂಟು ಲಕ್ಷವನ್ನು ನೋಡಿ ಕಾಯಿಲೆ ವಿಪರೀತ ಎಂದು ಗಾಬರಿಯಾಗುವವರೇ ಹೆಚ್ಚು. ವೈರಲ್ ಲೋಡ್‌ಗೂ ಯಕೃತ್ತಿಗೆ ಆಗಿರುವ ಹಾನಿಗೂ ನೇರ ಸಂಬಂಧವಿಲ್ಲ. ಐವತ್ತು ಲಕ್ಷ ಇದ್ದೂ ಲಿವರ್ ಮೆತ್ತಗೆ ಆರೋಗ್ಯವಾಗಿರುವವರಿದ್ದಾರೆ, ಐವತ್ತು ಸಾವಿರ ಇದ್ದು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬರುವವರೂ ಇದ್ದಾರೆ.

ಇಷ್ಟು ರಭಸದಿಂದ ಅದು ಇಳಿಯುವುದು ಏಕೆ? ಈ ವೈರಸ್ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಕೋಟಿ ಹೊಸ ಕಣಗಳನ್ನು ಹುಟ್ಟಿಸುತ್ತದೆ, ಆದರೆ ರಕ್ತದಲ್ಲಿರುವ ಕಣಗಳಲ್ಲಿ ಅರ್ಧದಷ್ಟು ಮೂರು ಗಂಟೆಯೊಳಗೆ ನಾಶವಾಗುತ್ತವೆ. ಉತ್ಪಾದನೆ ನಿಂತರೆ ದಾಸ್ತಾನು ತಾನಾಗಿ ಖಾಲಿಯಾಗುತ್ತದೆ. ಸೊಫೊಸ್ಬುವಿರ್ ವೈರಸ್ ತನ್ನ ವಂಶವಾಹಿಯಾದ ಆರ್‌ಎನ್‌ಎಯನ್ನು ನಕಲು ಮಾಡಿಕೊಳ್ಳಲು ಬಳಸುವ ಕಿಣ್ವವನ್ನು ಅಡ್ಡಗಟ್ಟುತ್ತದೆ. ವೆಲ್ಪಟಾಸ್ವಿರ್, ಅದರ ಸೋದರನಂಥ ಡಕ್ಲಟಾಸ್ವಿರ್ ಎರಡೂ ಎನ್‌ಎಸ್5ಎ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತವೆ. ವೈರಸ್ ನಕಲು ಮಾಡುವಾಗ ಸದಾ ತಪ್ಪು ಮಾಡುತ್ತ ರೂಪ ಬದಲಿಸುವ ಜಾತಿಯದು, ಒಂದೇ ಔಷಧವಾದರೆ ನುಣುಚಿಕೊಳ್ಳುತ್ತದೆ. ಅದಕ್ಕೇ ಜೋಡಿ. ಹೆಪಟೈಟಿಸ್ ಬಿ ವೈರಸ್ ಜೀವಕೋಶದ ಕೇಂದ್ರದೊಳಗೆ ತನ್ನ ಡಿಎನ್‌ಎ ಬಚ್ಚಿಟ್ಟು ಕೂರುತ್ತದೆ. ಸಿ ವೈರಸ್‌ಗೆ ಅಂಥ ಅಡಗುತಾಣವಿಲ್ಲ. ಹಾಗಾಗಿ ಸಿ ಬಗ್ಗೆ ನಾವು ‘ಹತೋಟಿ’ ಎನ್ನದೆ ‘ಗುಣ’ ಎಂದೇ ಹೇಳುತ್ತೇವೆ.

ನಿಮ್ಮ ಮಾವನವರು ಹೇಳಿದ್ದು ಅವರ ಕಾಲಕ್ಕೆ ತಕ್ಕ ಮಾತು. ಆಗ ಇದ್ದದ್ದು ವಾರಕ್ಕೊಮ್ಮೆ ಚರ್ಮದಡಿಗೆ ಪೆಗ್-ಇಂಟರ್‌ಫೆರಾನ್, ದಿನವೂ ರಿಬಾವಿರಿನ್ ಮಾತ್ರೆ. ವೈರಸ್‌ನ ತಳಿಯನ್ನು ನೋಡಿ 24 ಅಥವಾ 48 ವಾರ. ಪ್ರತಿ ಇಂಜೆಕ್ಷನ್ ಆದ ಮೇಲೆ ಚಳಿಜ್ವರ, ಮೈಕೈ ನೋವು, ಕೂದಲು ಉದುರುವುದು, ಮನಸ್ಸು ಕುಗ್ಗುವುದು, ರಕ್ತ ಕಡಿಮೆಯಾಗುವುದು. ಅದು ವೈರಸ್ಸನ್ನು ನೇರವಾಗಿ ಹೊಡೆಯುವ ಔಷಧವಾಗಿರಲಿಲ್ಲ, ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸಿ ಅದರಿಂದ ಹೊಡೆಸುತ್ತಿತ್ತು. ಯಾರ ದೇಹ ಕೆರಳುತ್ತದೆ, ಯಾರದು ಇಲ್ಲ ಎಂಬುದು ಮೊದಲೇ ತಿಳಿಯುತ್ತಿರಲಿಲ್ಲ. ಅದಕ್ಕೇ ಅಷ್ಟು ಮೈಲಿಗಲ್ಲುಗಳು: ನಾಲ್ಕನೇ ವಾರ ವೈರಸ್ ಕಾಣದಿದ್ದರೆ ಶುಭಸೂಚನೆ; ಹನ್ನೆರಡನೇ ವಾರಕ್ಕೆ ಕನಿಷ್ಠ ಎರಡು ಲಾಗ್ ಇಳಿಯದಿದ್ದರೆ ಚಿಕಿತ್ಸೆ ನಿಲ್ಲಿಸಿಬಿಡುವುದು; ಮುಗಿದ 24 ವಾರದ ಮೇಲೆ ಕೊನೆಯ ತೀರ್ಪು. 2009ರಲ್ಲಿ ಐಎಲ್-28ಬಿ ಎಂಬ ಜೀನಿನ ಬಳಿಯ ಒಂದು ವ್ಯತ್ಯಾಸ ಇಂಟರ್‌ಫೆರಾನ್‌ಗೆ ಯಾರು ಸ್ಪಂದಿಸುತ್ತಾರೆ ಎಂಬ ಸುಳಿವು ಕೊಡುತ್ತದೆ ಎಂದು ಗೊತ್ತಾದಾಗ ನಮ್ಮ ಕ್ಷೇತ್ರದಲ್ಲಿ ದೊಡ್ಡ ಸಂಚಲನವೇ ಆಯಿತು. ಇಷ್ಟೆಲ್ಲ ಸರ್ಕಸ್ ಮಾಡಿಯೂ ಮೊದಲನೇ ತಳಿಯವರಲ್ಲಿ ಗುಣವಾಗುತ್ತಿದ್ದವರು ಹೆಚ್ಚುಕಡಿಮೆ ಅರ್ಧದಷ್ಟು ಮಂದಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಮೂರನೇ ತಳಿಯವರು ಅವರಿಗಿಂತ ಅದೃಷ್ಟವಂತರಾಗಿದ್ದರು.

2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ಗೆ ಅನುಮತಿ ಸಿಕ್ಕಿತು. ಮಾತ್ರೆಯೊಂದಕ್ಕೆ ಸಾವಿರ ಡಾಲರ್ ಬೆಲೆ ಎಂದು ಜಗತ್ತೆಲ್ಲ ಹುಯಿಲೆದ್ದಿತು. 2015ರಿಂದ ನಮ್ಮ ದೇಶದ ಕಂಪನಿಗಳೇ ಪರವಾನಗಿ ಪಡೆದು ಅದರ ಸಣ್ಣ ಪಾಲಿನ ಬೆಲೆಗೆ ಮಾರಲು ಶುರುಮಾಡಿದವು. ಅಲ್ಲಿಂದ ಹಳೆಯ ಮೈಲಿಗಲ್ಲುಗಳ ಬೆಲೆ ಇಳಿಯಿತು. ನೇರವಾಗಿ ವೈರಸ್ಸನ್ನೇ ಹೊಡೆಯುವ ಈ ಮಾತ್ರೆಗಳಲ್ಲಿ ನಾಲ್ಕನೇ ವಾರ ಅಲ್ಪಸ್ವಲ್ಪ ಉಳಿದವರೂ ಬಹುತೇಕ ಕೊನೆಗೆ ಗುಣವಾಗುತ್ತಾರೆ. ಚಿಕಿತ್ಸೆಯ ಕೊನೆಯ ದಿನ ಇಂಥದೇ ಸುಳಿವು ಕಂಡವರಲ್ಲೂ ಬಹಳಷ್ಟು ಮಂದಿ ಗುಣವಾದದ್ದಿದೆ. ಆದ್ದರಿಂದಲೇ ಸರ್ಕಾರಿ ಕಾರ್ಯಕ್ರಮದಲ್ಲಿ ನಡುವೆ ವೈರಲ್ ಲೋಡ್ ಮಾಡಿಸುವ ಪದ್ಧತಿಯೇ ಇಲ್ಲ. ನೀವು ನಾಲ್ಕನೇ ವಾರಕ್ಕೆ ಖರ್ಚು ಮಾಡಿದ ಹಣದಿಂದ ಬಂದದ್ದು ಒಂದು ಹಾಳೆ ಆತಂಕ ಮಾತ್ರ. ಮತ್ತೆ ನಡುವೆ ಮಾಡಿಸಬೇಡಿ.

ಮಾವನವರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅವರಿಗೆ ವಾಸಿಯಾಗಲಿಲ್ಲ ಎಂದರೆ ವೈರಸ್ ಹದಿನೈದು ವರ್ಷದಿಂದ ಒಳಗೇ ಇದೆ. ಇಂಟರ್‌ಫೆರಾನ್ ಸೋತವರಲ್ಲಿ ಈ ಮಾತ್ರೆಗಳು ಸೋಲಬೇಕೆಂಬ ನಿಯಮವೇನಿಲ್ಲ, ಎರಡೂ ಕೆಲಸ ಮಾಡುವ ಬಗೆಯೇ ಬೇರೆ. ‘ನನಗೆ ಆಗಿಬರುವುದಿಲ್ಲ’ ಎಂದು ಮನೆಯಲ್ಲಿ ಕುಳಿತಿರುವ ಇಂಥವರು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ. ಹಳೆಯ ಕಡತ ಸಿಕ್ಕರೆ ಅದರೊಂದಿಗೆ, ಸಿಗದಿದ್ದರೆ ಹಾಗೆಯೇ ಅವರನ್ನು ಕರೆದೊಯ್ಯಿರಿ. ನಿಮ್ಮ ತಂದೆಯವರಿಗಿಂತ ಅವರದೇ ಅವಸರದ ಪ್ರಕರಣ ಆಗಿದ್ದರೂ ಆಗಿರಬಹುದು.

ಹಾಗಾದರೆ ಯಾವ ಸಂಖ್ಯೆಯನ್ನು ನಂಬಬೇಕು? ಒಂದೇ ಒಂದು: ಕೊನೆಯ ಮಾತ್ರೆ ನುಂಗಿದ 12 ವಾರಗಳ ನಂತರ ಮಾಡಿಸುವ ಎಚ್‌ಸಿವಿ (ಹೆಪಟೈಟಿಸ್ ಸಿ ವೈರಸ್) ಆರ್‌ಎನ್‌ಎ ಪರೀಕ್ಷೆ, ಅಂದರೆ ವೈರಲ್ ಲೋಡ್ ಪರೀಕ್ಷೆಯೇ. ಅದರಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂದರೆ ಎಸ್‌ವಿಆರ್ 12 ಸಾಧಿಸಿದಂತೆ, ಅಂದರೆ ವೈರಸ್ ಹೋಯಿತು. ಮೊದಲು 24 ವಾರ ಕಾಯುತ್ತಿದ್ದೆವು, ಹನ್ನೆರಡನೇ ವಾರದ ಫಲಿತಾಂಶವೇ ಹೆಚ್ಚುಕಡಿಮೆ ಎಲ್ಲರಲ್ಲೂ ಇಪ್ಪತ್ತನಾಲ್ಕರಲ್ಲೂ ಉಳಿಯುತ್ತದೆ ಎಂದು ಖಚಿತವಾದ ಮೇಲೆ ಅವಧಿ ಅರ್ಧವಾಯಿತು. ಲೆಕ್ಕದಲ್ಲಿ ಎಡವಟ್ಟಾಗುವುದು ಇಲ್ಲೇ. ಜನ ಮಾತ್ರೆ ಆರಂಭಿಸಿದ ದಿನದಿಂದ 12 ವಾರ ಎಣಿಸುತ್ತಾರೆ. ಜೂನ್ 1ರಿಂದ ದಿನಕ್ಕೊಂದರಂತೆ 84 ಮಾತ್ರೆ ಎಂದರೆ ಕೊನೆಯದು ಆಗಸ್ಟ್ 23ಕ್ಕೆ. ಅಲ್ಲಿಂದ ಮತ್ತೆ 84 ದಿನ ಎಣಿಸಿದರೆ ನವೆಂಬರ್ 15. ದಸರಾ ನೋಡಲು ಮೈಸೂರಿಗೆ ಬಂದಾಗ ಅದನ್ನೂ ಮುಗಿಸಿಬಿಡೋಣ ಎಂದುಕೊಂಡರೆ ಬೇಗವಾಯಿತು. ಮಾತ್ರೆ ಮುಗಿದ ಕೂಡಲೇ ಸೊನ್ನೆ ಬಂದು, ಎರಡು ತಿಂಗಳಲ್ಲಿ ತಲೆ ಎತ್ತುವ ವೈರಸ್ಸೂ ಇರುತ್ತದೆ. ಅದನ್ನು ಹಿಡಿಯಲೆಂದೇ ಈ ಕಾಯುವಿಕೆ.

ನಡುವೆ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದೇ ನಿಮ್ಮ ಕೈಯಲ್ಲಿರುವ ದೊಡ್ಡ ಕೆಲಸ. ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಿ ಕಬ್ಬಿಗೆ ನೀರು ಹಾಯಿಸಲು ಹೋಗುವವರಿಗೆ ರಾತ್ರಿಯ ಮಾತ್ರೆ ಮರೆತುಹೋಗುವುದು ಸಹಜ, ಬೆಳಗಿನ ಊಟದ ಜೊತೆ ಇಟ್ಟುಕೊಳ್ಳಲಿ. ಮರೆತದ್ದು 18 ಗಂಟೆಯೊಳಗೆ ನೆನಪಾದರೆ ಆಗಲೇ ನುಂಗಬಹುದು. ಅದು ಮೀರಿದರೆ ಮಾರನೆಯ ದಿನದ ಮಾತ್ರೆಯನ್ನು ಅದರ ಹೊತ್ತಿಗೆ ನುಂಗಲಿ, ಎರಡನ್ನು ಒಟ್ಟಿಗೆ ಬೇಡ.

ಎಎಲ್‌ಟಿ 34ಕ್ಕೆ ಇಳಿದಿದೆ, ಸಂತೋಷ. ಉರಿ ತಣ್ಣಗಾಗುತ್ತಿದೆ ಎಂಬುದರ ಸೂಚನೆ ಅದು. ಆದರೆ ಗುಣವಾಯಿತು ಎಂಬುದರ ಸಾಕ್ಷಿ ಅಲ್ಲ. ವೈರಸ್ ಲಕ್ಷಗಟ್ಟಲೆ ಇದ್ದೂ ಎಎಲ್‌ಟಿ ವರ್ಷಗಟ್ಟಲೆ ಸರಿಯಾಗಿಯೇ ಇರುವ ರೋಗಿಗಳು ಕಡಿಮೆಯೇನಿಲ್ಲ. ಇದರ ತಿರುವುಮುರುವೂ ಉಂಟು: ವೈರಸ್ ಪೂರ್ತಿ ಹೋದ ಮೇಲೂ ಎಎಲ್‌ಟಿ ಏರಿಯೇ ಇದ್ದರೆ ಕೊಬ್ಬಿನ ಲಿವರ್, ಮದ್ಯ ಅಥವಾ ಬೇರೆ ಕಾರಣವನ್ನು ಹುಡುಕಬೇಕು.

ಇನ್ನು ನೀವು ಕೇಳದೇ ಬಿಟ್ಟ, ನನ್ನ ಮಟ್ಟಿಗೆ ವೈರಲ್ ಲೋಡ್‌ಗಿಂತ ಮುಖ್ಯವಾದ ಪ್ರಶ್ನೆ: ಯಕೃತ್ತು ಎಷ್ಟು ಗಟ್ಟಿಯಾಗಿದೆ? ವೈರಸ್ ಹೋಯಿತೇ ಎಂಬುದು ಒಂದು ವಿಷಯ, ಅದು ಇಷ್ಟು ವರ್ಷ ಬಿಟ್ಟುಹೋದ ಕಲೆ ಎಷ್ಟು ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. ಫಿಬ್-4 ಎಂಬ ಸರಳ ಲೆಕ್ಕವನ್ನು ನೀವೇ ಮಾಡಬಹುದು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ: 54 ಗುಣಿಸು 88, ಅಂದರೆ 4752. ಪ್ಲೇಟ್‌ಲೆಟ್ಟನ್ನು ಸಾವಿರಗಳಲ್ಲಿ ತೆಗೆದುಕೊಂಡು, ಅಂದರೆ 135, ಅದನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. 96ರ ವರ್ಗಮೂಲ ಸುಮಾರು 9.8, ಗುಣಲಬ್ಧ 1323. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 3.6. ಇದು 1.45ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ಕಲೆ ಇರುವ ಸಂಭವ ಕಡಿಮೆ, 3.25 ದಾಟಿದರೆ ಕಲೆ ಬಲಿತಿದೆ ಎಂದು ಅನುಮಾನಿಸಬೇಕು. ಎಪಿಆರ್‌ಐ ಎಂಬ ಇನ್ನೊಂದು ಲೆಕ್ಕದಲ್ಲಿ ನಿಮ್ಮ ತಂದೆಯವರದು 1.6 ಬರುತ್ತದೆ, ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಟ್ಟಿಯಾದ ಸ್ಥಿತಿ) ಎನ್ನಲು ಅಲ್ಲಿ 2 ದಾಟಬೇಕು. ಒಂದು ಹೌದು ಎನ್ನುತ್ತದೆ, ಇನ್ನೊಂದು ಅನುಮಾನದಲ್ಲಿ ನಿಲ್ಲುತ್ತದೆ. ಇಂಥ ಕಡೆ ತೀರ್ಮಾನಕ್ಕೆ ನೆರವಾಗುವುದು ಫೈಬ್ರೋಸ್ಕ್ಯಾನ್. ಹೆಪಟೈಟಿಸ್ ಸಿ ಇರುವವರಲ್ಲಿ 12.5 ಕಿಲೋಪ್ಯಾಸ್ಕಲ್ ದಾಟಿದರೆ ಸಿರೋಸಿಸ್ ಎಂದು ಸಾಮಾನ್ಯವಾಗಿ ಪರಿಗಣಿಸುತ್ತೇವೆ. ಅವರದು 13.8. ಕಾಮಾಲೆ ಇಲ್ಲ, ಹೊಟ್ಟೆಯಲ್ಲಿ ನೀರಿಲ್ಲ ಎಂದಾದರೆ ಇದು ಇನ್ನೂ ಸಾವರಿಸಿಕೊಂಡು ನಡೆಯುತ್ತಿರುವ ಸಿರೋಸಿಸ್. ಡಕ್ಲಟಾಸ್ವಿರ್ ಬಿಟ್ಟು ವೆಲ್ಪಟಾಸ್ವಿರ್ ಇರುವ ಜೋಡಿಯನ್ನು ವೈದ್ಯರು ಆರಿಸಿರುವುದೂ ಬಹುಶಃ ಇದೇ ಕಾರಣಕ್ಕೆ.

ಈಗ ಅದೇ ಫಿಬ್-4 ಅನ್ನು ನಾಲ್ಕನೇ ವಾರದ ಅಂಕಿಗಳಿಂದ ಮಾಡಿ ನೋಡಿ. ಎಎಸ್‌ಟಿ 38, ಎಎಲ್‌ಟಿ 34, ಪ್ಲೇಟ್‌ಲೆಟ್ ಅಷ್ಟೇ ಎಂದು ಇಟ್ಟುಕೊಂಡರೆ 2.6 ಬರುತ್ತದೆ. ಒಂದೇ ತಿಂಗಳಲ್ಲಿ ಕಲೆ ಕರಗಿತೇ? ಇಲ್ಲ. ಸೂತ್ರದೊಳಗಿನ ಕಿಣ್ವದ ಅಂಕಿ ಇಳಿದದ್ದರಿಂದ ಉತ್ತರವೂ ಇಳಿಯಿತು, ಅಷ್ಟೆ. ಫೈಬ್ರೋಸ್ಕ್ಯಾನ್ ಕೂಡ ಹೀಗೆಯೇ. ಉರಿಯೂತದಿಂದ ಉಬ್ಬಿದ್ದ ಯಕೃತ್ತು ತಣ್ಣಗಾದಂತೆ 13.8 ಇದ್ದದ್ದು 9 ಅಥವಾ 10ಕ್ಕೆ ಬರಬಹುದು. ನಿಜವಾದ ಕಲೆ ಕೆಲವರಲ್ಲಿ ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಚಿಕಿತ್ಸೆಯ ನಂತರದ ಇಂಥ ಸುಂದರ ಅಂಕಿಗಳನ್ನು ನಂಬಿ ತಪಾಸಣೆ ನಿಲ್ಲಿಸಿ, ಮೂರು ವರ್ಷದ ಮೇಲೆ ಯಕೃತ್ತಿನ ಗಡ್ಡೆಯೊಂದಿಗೆ ಬರುವವರನ್ನು ನೋಡುವಾಗ ಆಗುವ ಸಂಕಟ ಹೇಳತೀರದು. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಗದರಿಸಿಯೇ ಹೇಳುತ್ತೇನೆ: ಚಿಕಿತ್ಸೆಗೆ ಮೊದಲು ಸಿರೋಸಿಸ್ ಇದ್ದವರಿಗೆ ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್, ವೈದ್ಯರು ಹೇಳಿದರೆ ಯಕೃತ್ತಿನ ಕ್ಯಾನ್ಸರ್‌ನ ಸುಳಿವು ಕೊಡುವ ಎಎಫ್‌ಪಿ ರಕ್ತಪರೀಕ್ಷೆ, ಇವು ಜೀವನಪರ್ಯಂತ. ಕ್ಯಾನ್ಸರ್ ಅಪಾಯ ಬಹಳಷ್ಟು ತಗ್ಗುತ್ತದೆ, ಸೊನ್ನೆಯಾಗುವುದಿಲ್ಲ.

ಒಂದು ಎಂಡೋಸ್ಕೋಪಿಯೂ ಬೇಕಾಗುತ್ತದೆ. ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿವೆಯೇ ಎಂದು ನೋಡಲು. ಫೈಬ್ರೋಸ್ಕ್ಯಾನ್ 20ಕ್ಕಿಂತ ಕಡಿಮೆ ಇದ್ದು, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ ಅದನ್ನು ಬಿಡಬಹುದು. ನಿಮ್ಮ ತಂದೆಯವರು ಮೊದಲ ಷರತ್ತಿನಲ್ಲಿ ಪಾಸು, ಎರಡನೆಯದರಲ್ಲಿ ಇಲ್ಲ. ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಎಂಬುದನ್ನೂ ಕಡತದಲ್ಲಿ ನೋಡಿ. ಎರಡೂ ವೈರಸ್ ಇರುವವರಲ್ಲಿ ಸಿ ಹೋಗುತ್ತಿದ್ದಂತೆ ಬಿ ಕೆರಳುವ ಅಪಾಯವಿದೆ. ಬಿ ಇಲ್ಲ, ರಕ್ಷಣೆಯೂ ಇಲ್ಲ ಎಂದಾದರೆ ಅದರ ಲಸಿಕೆ ಹಾಕಿಸಿ. ಸಿ ವೈರಸ್‌ಗೆ ಇನ್ನೂ ಲಸಿಕೆ ಬಂದಿಲ್ಲ.

ನವೆಂಬರ್‌ನಲ್ಲಿ ವೈರಸ್ ಕಂಡರೆ? ಸಿರೋಸಿಸ್ ಇರುವವರಲ್ಲೂ ಈ ಮಾತ್ರೆಯಿಂದ ಗುಣವಾಗುವವರು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು, ಆದ್ದರಿಂದ ಅದಕ್ಕಾಗಿ ಈಗಿನಿಂದಲೇ ಚಿಂತೆ ಬೇಡ. ಬಂದದ್ದೇ ಆದರೆ ಅದೇ ಮಾತ್ರೆಗೆ ರಿಬಾವಿರಿನ್ ಸೇರಿಸಿ 24 ವಾರ ಕೊಡುವ ಅಥವಾ ವಾಕ್ಸಿಲಪ್ರೆವಿರ್ ಎಂಬ ಮೂರನೇ ಔಷಧವಿರುವ ಮಾತ್ರೆಯನ್ನು 12 ವಾರ ಕೊಡುವ ದಾರಿಗಳಿವೆ.

ತಟ್ಟೆ ಲೋಟದ ವಿಷಯ. ನಿಮ್ಮ ತಾಯಿಯವರಿಗೆ ದಯವಿಟ್ಟು ಹೇಳಿ, ಇವತ್ತಿನಿಂದಲೇ ಒಟ್ಟಿಗೆ ಕುಳಿತು ಉಣ್ಣಲಿ. ಈ ವೈರಸ್ ಹರಡುವುದು ರಕ್ತದಿಂದ ರಕ್ತಕ್ಕೆ. ಎಂಜಲು, ಮುಟ್ಟುವುದು, ಒಂದೇ ಹಾಸಿಗೆ, ಸೊಳ್ಳೆ ಯಾವುದರಿಂದಲೂ ಅಲ್ಲ. ಗಂಡ ಹೆಂಡಿರ ನಡುವೆ ದಾಟುವುದೂ ಅಪರೂಪ. ಬೇರೆ ಇಡಬೇಕಾದದ್ದು ಶೇವಿಂಗ್ ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಇಷ್ಟೇ. ಎಲ್ಲಿಂದ ಬಂತು ಎಂದು ಕೆದಕಿ ಅವರ ನಡತೆಯನ್ನು ಯಾರೂ ಶಂಕಿಸಬಾರದು. ಒಂದು ಕಾಲಕ್ಕೆ ಊರೂರಲ್ಲಿ ಒಂದೇ ಸಿರಿಂಜನ್ನು ಬಿಸಿನೀರಿಗೆ ಅದ್ದಿ ಸಾಲಾಗಿ ಎಲ್ಲರಿಗೂ ಚುಚ್ಚುತ್ತಿದ್ದರು. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹಚ್ಚೆ ಹಾಕುತ್ತಿದ್ದರು. ಕ್ಷೌರದ ಕತ್ತಿಯನ್ನು ಕಲ್ಲಿಗೆ ಮಸೆದು ಮುಂದಿನವರಿಗೆ ಹಿಡಿಯುತ್ತಿದ್ದರು. ಈ ವೈರಸ್ ಪತ್ತೆಯಾದದ್ದೇ 1989ರಲ್ಲಿ, ಅದನ್ನು ಪತ್ತೆಮಾಡಿದ ಕೆಲಸಕ್ಕೆ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂದದ್ದು 2020ರಲ್ಲಿ. 1989ಕ್ಕೆ ಮೊದಲು ಕೊಟ್ಟ ರಕ್ತದ ಬಾಟಲಿಯನ್ನು ಪರೀಕ್ಷಿಸುವ ಉಪಾಯವೇ ಇರಲಿಲ್ಲ. ತಾಯಿಯವರೂ ನೀವೂ ಒಮ್ಮೆ ಆಂಟಿ-ಎಚ್‌ಸಿವಿ ಪರೀಕ್ಷೆ (ಈ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ರಕ್ತಪರೀಕ್ಷೆ) ಮಾಡಿಸಿಕೊಳ್ಳಿ, ಅಷ್ಟು ಸಾಕು.

ಗಂಜಿ ಮಜ್ಜಿಗೆಯ ಪಥ್ಯ ಒಳ್ಳೆಯದಂತೂ ಅಲ್ಲವೇ ಅಲ್ಲ. ಸಿರೋಸಿಸ್ ಇರುವವರ ಮೈಯಲ್ಲಿ ಮಾಂಸ ಬೇಗ ಕರಗುತ್ತದೆ, ಅವರಿಗೆ ಪ್ರೋಟೀನ್ ಹೆಚ್ಚೇ ಬೇಕು. ಮುದ್ದೆ, ಹುರುಳಿ ಸಾರು, ಅವರೆಕಾಳು, ಮೊಟ್ಟೆ, ಮೀನು ಎಲ್ಲವೂ ಆಗಬಹುದು. ಮಂಡ್ಯದವರ ಬಾಡೂಟಕ್ಕೂ ನನ್ನ ಅಡ್ಡಿಯಿಲ್ಲ, ಅದರ ಜೊತೆ ಬರುವ ಬಾಟಲಿಗೆ ಮಾತ್ರ ಪೂರ್ತಿ ಅಡ್ಡಿ. ಹಬ್ಬಕ್ಕೊಂದು ಗ್ಲಾಸು ಎಂಬ ರಿಯಾಯಿತಿಯೂ ಇಲ್ಲ, ಗುಣವಾದ ಮೇಲೂ ಇಲ್ಲ. ಫಿಲ್ಟರ್ ಕಾಫಿ ಕುಡಿಯಲಿ, ಕಾಫಿ ಕುಡಿಯುವವರ ಯಕೃತ್ತಿನಲ್ಲಿ ಕಲೆ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನೆಲನೆಲ್ಲಿ ರಸ, ನಾಟಿ ಔಷಧ ಎಂದು ನೆಂಟರು ಸೂಚಿಸಿಯೇ ಸೂಚಿಸುತ್ತಾರೆ. ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹುತೇಕ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಎಲೆಗೆ ಹೋಗುತ್ತದೆ. ಇದು ಆ ಕಾಯಿಲೆಯಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಯಕೃತ್ತು ಕೆಡಿಸಿಕೊಂಡವರ ಪ್ರಕರಣಗಳು ನಮ್ಮ ದೇಶದಿಂದಲೇ ವರದಿಯಾಗಿವೆ. ಈ 84 ದಿನಗಳಲ್ಲಿ ವೈದ್ಯರಿಗೆ ತಿಳಿಸದೆ ಯಾವ ಬೇರು ತೊಗಟೆಯೂ ಒಳಗೆ ಹೋಗದಿರಲಿ.

ಖರ್ಚಿನ ಮಾತು ಬಂದದ್ದರಿಂದ: 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಇದರಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಉಳಿದ ಮಾತ್ರೆಗಳಿಗೂ ನವೆಂಬರ್‌ನ ಪರೀಕ್ಷೆಗೂ, ಮುಖ್ಯವಾಗಿ ನಿಮ್ಮ ಮಾವನವರಿಗೂ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿ. ಕಂಪನಿ ಬದಲಾದರೂ ಔಷಧ ಅದೇ, ಪ್ರಮಾಣ ಅದೇ, 400 ಮತ್ತು 100 ಮಿಲಿಗ್ರಾಂ ಎಂದಿದ್ದರೆ ಹೆದರಬೇಕಿಲ್ಲ. ವಿಚಾರಣೆ ಮುಗಿಯುವವರೆಗೆ ಕೈಯಲ್ಲಿರುವ ಡಬ್ಬಿ ಖಾಲಿಯಾಗಲು ಬಿಡಬೇಡಿ.

ಕೊನೆಗೆ ಹರ್ನಿಯಾ. ಅದು ಒಳಕ್ಕೆ ತಳ್ಳಿದರೆ ಹೋಗುತ್ತಿದ್ದು, ನೋವಿಲ್ಲದಿದ್ದರೆ ಅವಸರವಿಲ್ಲ. ಚಿಕಿತ್ಸೆ ಮುಗಿಸಿ, ಎಂಡೋಸ್ಕೋಪಿ ಮಾಡಿಸಿ, ಹೊಟ್ಟೆಯಲ್ಲಿ ನೀರಿಲ್ಲ ಎಂದು ಖಚಿತಪಡಿಸಿಕೊಂಡು ಮಾಡಿಸುವುದು ಹೆಚ್ಚು ಸುರಕ್ಷಿತ. ಗಂಟು ಗಟ್ಟಿಯಾಗಿ ಒಳಹೋಗದೆ ನೋವು, ವಾಂತಿ ಶುರುವಾದರೆ ಯಾವ ವಾರವೆಂದು ನೋಡದೆ ಆ ಗಂಟೆಯೇ ಆಸ್ಪತ್ರೆಗೆ ಹೋಗಬೇಕು. ಆಪರೇಷನ್‌ಗೆ ಮುನ್ನ ಮತ್ತೆ ಆಂಟಿ-ಎಚ್‌ಸಿವಿ ಪರೀಕ್ಷೆ ಮಾಡುತ್ತಾರೆ, ಅದು ಮತ್ತೆ ಪಾಸಿಟಿವ್ ಎಂದೇ ಬರುತ್ತದೆ. ಬೆಚ್ಚಬೇಡಿ. ಕಳ್ಳ ಊರು ಬಿಟ್ಟು ಹೋದರೂ ಠಾಣೆಯ ಪುಸ್ತಕದಲ್ಲಿ ಹೆಸರು ಉಳಿಯುವಂತೆ ಈ ಪ್ರತಿಕಾಯ ಸಾಮಾನ್ಯವಾಗಿ ಬದುಕಿರುವವರೆಗೂ ಉಳಿಯುತ್ತದೆ. ಅದು ರಕ್ಷಣೆಯನ್ನೂ ಕೊಡುವುದಿಲ್ಲ, ಸೋಂಕಿನ ರಕ್ತ ತಾಗಿದರೆ ಮತ್ತೆ ಕಾಯಿಲೆ ಬರಬಹುದು. ಗುಣವಾದ ಮೇಲೂ ರಕ್ತದಾನ ಮಾಡುವಂತಿಲ್ಲ. ಆ ಪಾಸಿಟಿವ್ ಹಾಳೆಯನ್ನು ನೋಡಿ ಯಾರಾದರೂ ಆಪರೇಷನ್ ಮತ್ತೆ ಮುಂದೂಡಲು ಹೊರಟರೆ, ನವೆಂಬರ್‌ನ ಆರ್‌ಎನ್‌ಎ ವರದಿಯನ್ನು ಮುಂದಿಡಿ. ಅದರ ಎರಡು ಮೂರು ಜೆರಾಕ್ಸ್ ಮಾಡಿಸಿಟ್ಟು, ಮೊಬೈಲ್‌ನಲ್ಲೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.